ತುಕ್ಕಿನ ಮೇಲೆಯೇ ಪ್ರೈಮರ್ ಹೊಡೆದರೆ ಸಾಕೇ? ಸತ್ಯಾಂಶ ಇಲ್ಲಿದೆ

ಹಳೆಯ ಪಿಕಪ್ ಟ್ರಕ್ಕಿಗೆ ಮನೆಯಲ್ಲೇ ಬಣ್ಣ ಹೊಡೆಯುವವರ ನಡುವೆ ಒಂದು ಸಂದೇಶ ಆಗಾಗ ಹರಿದಾಡುತ್ತದೆ: ‘ತುಕ್ಕನ್ನು ಉಜ್ಜುವ ಶ್ರಮ ಬೇಡ, ಅದರ ಮೇಲೆಯೇ ದಪ್ಪಗೆ ಎರಡು ಕೋಟ್ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಹೊಡೆದರೆ ಗಾಳಿ ಸಿಗದೆ ತುಕ್ಕು ಸತ್ತುಹೋಗುತ್ತದೆ.’ ಇದು ನಿಜವಲ್ಲ.

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ತಗುಲಿ ಉಂಟಾಗುವ ತುಕ್ಕು ಸೂಕ್ಷ್ಮ ರಂಧ್ರಗಳಿಂದ ತುಂಬಿದ ಸಡಿಲ ಪದರವಾಗಿದ್ದು, ತೇವವನ್ನೂ ಉಪ್ಪಿನಂಶವನ್ನೂ ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಸಾಮಾನ್ಯ ಪ್ರೈಮರ್ ನೀರಾವಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲವಾದ್ದರಿಂದ ಅದರಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ ಮತ್ತು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ಕಾರಣ ಬಣ್ಣವನ್ನು ಮೇಲಕ್ಕೆತ್ತುತ್ತದೆ. ಚಕ್ರದ ಮೇಲಿನ ಕಮಾನಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೆ ಉಗುರಿನಿಂದ ಕೆರೆದು ನೋಡಿ: ಹೊಳಪಿನ ಬಣ್ಣ ಸಿಪ್ಪೆಯಂತೆ ಎದ್ದು, ಒಳಗಿನಿಂದ ಕಂದು ಪುಡಿ ಉದುರುತ್ತದೆ.

ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ದ್ರಾವಣಗಳು ಲೋಹಕ್ಕೆ ಬಿಗಿಯಾಗಿ ಅಂಟಿದ ತೆಳು ತುಕ್ಕನ್ನು ಸ್ಥಿರವಾದ ಸಂಯುಕ್ತವಾಗಿ ಬದಲಿಸುತ್ತವೆ ಎಂಬುದು ನಿಜ. ಬಹುಶಃ ಈ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಆದರೆ ಪದರಪದರವಾಗಿ ಎದ್ದ ತುಕ್ಕಿನ ಆಳಕ್ಕೆ ಅವು ಇಳಿಯುವುದಿಲ್ಲ.

ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, ಒರಟಾದ 80 ಗ್ರಿಟ್ ಸ್ಯಾಂಡ್‌ಪೇಪರ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಜಿಡ್ಡು ಒರೆಸಿ, ತಡಮಾಡದೆ, ತೇವವನ್ನು ಸಾಮಾನ್ಯ ಪ್ರೈಮರ್‌ಗಿಂತ ಚೆನ್ನಾಗಿ ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯುವುದೇ ಸರಿಯಾದ ಕ್ರಮ. ಇಡೀ ಕೆಲಸದಲ್ಲಿ ಅವಸರ ಸಲ್ಲದ ಹಂತ ಯಾವುದೆಂದರೆ ಇದನ್ನೇ ಹೇಳುತ್ತೇನೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಉಜ್ಜುವಾಗ ಧೂಳು ತಡೆಯುವ ಮಾಸ್ಕ್ ಕಡ್ಡಾಯವಾಗಿ ಧರಿಸಿ. ತೂತು ಬಿದ್ದ ಕಡೆ ಪುಟ್ಟಿ ತುಂಬಿ ಮುಚ್ಚದೆ, ಆ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡಿಸಿ.