ಗ್ಯಾಸ್ ಹೋಗಿದೆ ಸಾರ್

ಮೊನ್ನೆ ಭಾನುವಾರ ರಾತ್ರಿ ನಮ್ಮ ಎಸಿ ಮತ್ತೆ ಬಿಸಿ ಗಾಳಿ ಊದಿತು. ಬಿಸಿ ಗಾಳಿಗೆ ಎಸಿ ಯಾಕೆ, ಕಿಟಕಿ ಸಾಲದಾ? ರಿಮೋಟಿನಲ್ಲಿ ಹದಿನಾರು ಡಿಗ್ರಿ ಇಟ್ಟು ಅದರ ಬಾಯಿಗೆ ಕೈ ಒಡ್ಡಿ ನಿಂತಿದ್ದೆ. ಪೇಪರ್ ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದ ಹೆಂಡತಿ, "ಪಾಪ, ಅದಕ್ಕೂ ಸ್ವಲ್ಪ ಬೀಸ್ಲಾ?" ಅಂದಳು.

ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನಾನು "ಹಲೋ" ಅಂದೆ, ಅವನು "ಗ್ಯಾಸ್ ಹೋಗಿರುತ್ತೆ ಸಾರ್" ಅಂದ.

ಮೂರು ಬೇಸಿಗೆಯಿಂದ ಇದೇ ಕಥೆ. ನೀರು ಸೋರಿದರೆ ಗ್ಯಾಸ್. ಗೊರಗೊರ ಅಂದರೆ ಗ್ಯಾಸ್. ಒಮ್ಮೆ ರಿಮೋಟಿನ ಸೆಲ್ ಮುಗಿದಿತ್ತು, ಆಗಲೂ ಗ್ಯಾಸೇ. ಅವನು ಪರೀಕ್ಷೆ ಮಾಡುವ ರೀತಿಯನ್ನು ನೀವು ನೋಡಬೇಕು. ಚಪ್ಪಲಿ ಬಾಗಿಲಲ್ಲೇ ಬಿಡುತ್ತಾನೆ. ಎಸಿ ಮುಂದೆ ನಿಂತು ಎರಡೂ ಅಂಗೈಯನ್ನು ಮಂಗಳಾರತಿ ತಗೊಳ್ಳೋ ಹಾಗೆ ಚಾಚುತ್ತಾನೆ. ಕಣ್ಣು ಮುಚ್ಚುತ್ತಾನೆ. ಕೈಯನ್ನು ಕಣ್ಣಿಗೆ ಒತ್ತಿಕೊಳ್ಳೋದೊಂದು ಬಾಕಿ. ಆಮೇಲೆ ನಮ್ಮ ಕಡೆ ತಿರುಗಿ, ಐಸಿಯು ಬಾಗಿಲಿಂದ ಹೊರಗೆ ಬಂದವರ ಧ್ವನಿಯಲ್ಲಿ, "ಗ್ಯಾಸ್ ಹೋಗಿದೆ ಸಾರ್."

ಒಳಗಿಂದ ಅಮ್ಮ, "ಮೊನ್ನೆ ತಾನೇ ಹೊಸ ಸಿಲಿಂಡರ್ ಹಾಕಿದ್ದಲ್ವೇನೋ?" ಅಂತ ಕೂಗುತ್ತಾಳೆ. ಇದೂ ಮೂರು ಬೇಸಿಗೆಯಿಂದ ತಪ್ಪದೆ ನಡೆದಿದೆ.

ಮೊದಲ ವರ್ಷ ಎರಡೂವರೆ ಸಾವಿರ ಕೊಟ್ಟೆ. ಮರುವರ್ಷ ಮೂರು. ಈ ಸಲ ನಾಲ್ಕೂವರೆ ಕೇಳಿದ. ಯಾಕಪ್ಪಾ ಅಂದರೆ, "ನಿಮ್ದು ಹಳೇ ಗ್ಯಾಸ್ ಸಾರ್, ಈಗ ಸಿಗಲ್ಲ."

ಹಳೇ ಗ್ಯಾಸ್? 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತಲ್ಲ, ಆಗ ಗಾಬರಿಯಲ್ಲಿ ಓಡಿಹೋಗಿ ಕೊಂಡ ಎಸಿ ಇದು. ಅಂಗಡಿಯವನು ಭಾರೀ ಡಿಸ್ಕೌಂಟ್ ಕೊಟ್ಟಿದ್ದ. ಯಾಕೆ ಕೊಟ್ಟ ಅಂತ ಈಗ ಗೊತ್ತಾಗುತ್ತಿದೆ.

ಸಿಟ್ಟಿನಲ್ಲಿ ಬಾಲ್ಕನಿಗೆ ಹೋದೆ. ಹೊರಗಿನ ಪೆಟ್ಟಿಗೆಯ ಮೇಲೆ ಪಾರಿವಾಳದ ಸಂಸಾರ, ಲೇಬಲ್ ಮೇಲೆ ಅದರ ಹಿಕ್ಕೆ. ಹಳೇ ಟೂತ್‌ಬ್ರಷ್ ತಂದು ಉಜ್ಜಿದಾಗ ಎರಡು ವಿಷಯ ಕಾಣಿಸಿತು: ಆರ್-22 ಅನ್ನೋ ಗ್ಯಾಸಿನ ಹೆಸರು, ಅದನ್ನು ಎಷ್ಟು ಗ್ರಾಂ ತುಂಬಬೇಕು ಅನ್ನೋ ಲೆಕ್ಕ. ಗ್ರಾಂ! ನಮ್ಮ ಬೀದಿಯ ತರಕಾರಿಯವನು ಶುಂಠಿಯನ್ನೂ ತಕ್ಕಡಿಗೆ ಹಾಕುತ್ತಾನೆ. ಇವನು ಮೂರು ವರ್ಷದಲ್ಲಿ ಒಂದು ದಿನವೂ ತೂಕದ ಯಂತ್ರ ತಂದಿಲ್ಲ.

ರಾತ್ರಿ ಕೂತು ಓದಿದೆ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯೋದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ಕಮ್ಮಿಯಾಗಿದ್ದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಅಂದರೆ ನಾನು ಮೂರು ವರ್ಷ ತೂತು ಬಿಂದಿಗೆಗೆ ನೀರು ಹೊತ್ತಿದ್ದೇನೆ. ಈ ಆರ್-22 ಬೇರೆ ಓಝೋನ್ ಪದರವನ್ನು ತಿನ್ನುತ್ತದಂತೆ. ಆ ಪದರವನ್ನು ಉಳಿಸೋಕೆ ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಯಲ್ಲಿ ಇದರ ಬಳಗವೇ ಇದೆ. ನಮ್ಮ ದೇಶದಲ್ಲಿ 2025ರಿಂದ ಹೊಸ ಎಸಿಗಳಲ್ಲಿ ಇದನ್ನು ಬಳಸುವಂತಿಲ್ಲ. 2030ಕ್ಕೆ ಹೆಚ್ಚುಕಮ್ಮಿ ಪೂರ್ತಿ ನಿಲ್ಲಬೇಕು, ರಿಪೇರಿಗೆ ಅಂತ ಚೂರುಪಾರು ಮಾತ್ರ ಆಮೇಲೂ ಉಳಿಯುತ್ತೆ. ರೇಟು ಏರದೆ ಇನ್ನೇನು.

ಮಾರನೇ ದಿನ ಪಾತ್ರೆ ತೊಳೆಯೋ ಲಿಕ್ವಿಡ್ ನೀರಿಗೆ ಕಲಸಿ, ಸ್ಟೂಲ್ ಹತ್ತಿ, ಪೈಪ್ ಸೇರುವ ಪಿತ್ತಾಳೆ ನಟ್ಟಿಗೆ ಸ್ಪಂಜಿನಲ್ಲಿ ಹಚ್ಚಿದೆ. ಪಾರಿವಾಳ ಹೆದರಿ ನನ್ನ ತಲೆ ಸವರಿಕೊಂಡೇ ಹಾರಿತು. ಎದುರು ಮನೆ ಆಂಟಿ ಬಟ್ಟೆ ಒಣಗಿಸೋದು ಬಿಟ್ಟು ನೋಡುತ್ತಾ ನಿಂತರು. ನಟ್ಟಿನ ಬುಡದಲ್ಲಿ ಮೆಲ್ಲಗೆ ಒಂದು ಗುಳ್ಳೆ ಎದ್ದಿತು. ಉಬ್ಬಿತು. ಒಡೆಯಿತು. ಇನ್ನೊಂದು ಎದ್ದಿತು. ಖುಷಿಗೆ ಕೂಗಿಬಿಟ್ಟೆ. ತನ್ನ ನಾಲ್ಕೂವರೆ ಸಾವಿರದ ತೂತನ್ನು ಕಂಡು ಇಷ್ಟು ಖುಷಿಪಟ್ಟವನು ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು.

ಮೆಕ್ಯಾನಿಕ್‌ನನ್ನು ಕರೆಸಿ ತೋರಿಸಿದೆ. ಬಗ್ಗಿ ನೋಡಿದ. "ಸಾರ್, ಅದು ಸೋಪಿನ ಗುಳ್ಳೆ."

"ಸೋಪಿನದ್ದೇ ಕಣಯ್ಯಾ, ಒಳಗಿಂದ ಊದ್ತಿರೋದು ಯಾರು?"

ಆಮೇಲೆ ಕಾಯಿಲ್‌ಗೂ, ಅಂದರೆ ಒಳಗಿನ ಪೆಟ್ಟಿಗೆಯಲ್ಲಿ ಗ್ಯಾಸ್ ಸುತ್ತೋ ಪೈಪಿನ ಸುರುಳಿಗೂ, ಸೋಪು ಹಚ್ಚಿದೆವು. ಅಲ್ಲೂ ಎರಡು ಕಡೆ ಗುಳ್ಳೆ. ಅವನು ಸೋಲಲಿಲ್ಲ. "ಬಿಡಿ ಸಾರ್, ಇದಕ್ಕೇ ಹೊಸ ಆರ್-32 ಹಾಕಿಬಿಡ್ತೀನಿ. ಸೂಪರ್ ಕೂಲಿಂಗ್." ಹಿಂದಿನ ರಾತ್ರಿ ಓದಿರದಿದ್ದರೆ ಹೂಂ ಅಂದುಬಿಡುತ್ತಿದ್ದೆ. ಆರ್-32 ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು. ಕಂಪ್ರೆಸರ್‌ಗೆ ಬೇಕಾದ ಎಣ್ಣೆಯೇ ಬೇರೆ. ಮೇಲಾಗಿ ಸ್ವಲ್ಪ ಬೆಂಕಿ ಹಿಡಿಯೋ ಗುಣವೂ ಉಂಟು. ಅದಕ್ಕೆಂದೇ ಮಾಡಿದ ಎಸಿಯಲ್ಲಿ ತೊಂದರೆಯಿಲ್ಲ, ಈ ಮುದುಕನ ಹೊಟ್ಟೆಗೆ ಹಾಕಿದರೆ ಮಾತ್ರ ಕಷ್ಟ.

ಈ ಊರಿನಲ್ಲಿ ಇದೆಲ್ಲ ಓದಬೇಕಾಗಿ ಬಂತಲ್ಲ ಅನ್ನೋದೇ ಬೇಜಾರು. ನಾನು ಚಿಕ್ಕವನಿದ್ದಾಗ ಹನುಮಂತನಗರದ ಮನೆಯಲ್ಲಿ ಇದ್ದದ್ದು ಒಂದೇ ಟೇಬಲ್ ಫ್ಯಾನು. ಅದು ಅಟ್ಟದಿಂದ ಇಳಿಯುತ್ತಿದ್ದದ್ದು ಬಳ್ಳಾರಿ ಅತ್ತೆ ಬಂದಾಗ ಮಾತ್ರ. ಅತ್ತೆಯೋ, "ಅಯ್ಯ, ನಿಮ್ಮೂರಾಗ ಇದ್ಯಾಕ್ರೋ, ಥಂಡಿ ಆಗ್ತೈತಿ" ಅಂತ ಅದನ್ನೂ ಆರಿಸಿ, ಸೆರಗು ಹೊದ್ದು ಕಿಟಕಿ ಪಕ್ಕ ಮಲಗುತ್ತಿದ್ದರು. ಈಗ ಆ ಕಿಟಕಿ ತೆಗೆದರೆ ಸೊಳ್ಳೆ, ಧೂಳು, ಹಾರ್ನು.

ಕಾಯಿಲ್ ಬದಲಿಸೋ ಖರ್ಚು ಕೇಳಿ, ಹೊಸ ಎಸಿಗೇ ದುಡ್ಡು ಕಟ್ಟಿ ಬಂದೆ. ಹಳೇದನ್ನು ಇಳಿಸೋಕೆ ಇವತ್ತು ಬೆಳಿಗ್ಗೆ ಅದೇ ಮಹಾಶಯ ಬಂದ. ಒಳಗಿನ ಗ್ಯಾಸನ್ನು ಗಾಳಿಗೆ ಬಿಡಬಾರದು, ಯಂತ್ರ ಹಚ್ಚಿ ಸಿಲಿಂಡರಿಗೆ ಎಳೆದುಕೊಳ್ಳಬೇಕು ಅಂತ ನಾನು ಫೋನಿನಲ್ಲೇ ಹೇಳಿದ್ದೆ. ಅವನು ಯಂತ್ರವನ್ನೇನೋ ತಂದಿದ್ದ, ಆದರೆ ಮುಖ ಸಣ್ಣದು ಮಾಡಿಕೊಂಡು ಬಾಲ್ಕನಿಯಲ್ಲೇ ನಿಂತ.

"ಎಕ್ಸ್‌ಟ್ರಾ ಆಗುತ್ತೆ ಸಾರ್."

"ಯಾಕಪ್ಪಾ?"

"ಒಳಗೆ ಗ್ಯಾಸ್ ಜಾಸ್ತಿ ಇದೆ ಸಾರ್."