ಗ್ಲೂಕೋಸ್‌ಗಿಂತ ಮೊದಲು ಬಿ1

ಕುಡುಕರಿಗೆ ಸುಸ್ತಾದರೆ ಗ್ಲೂಕೋಸ್ ಬಾಟಲಿ ಏರಿಸಿದರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಎಡವಟ್ಟಾಗುವುದೇ ಅಲ್ಲಿ. 180 ಮಿಲಿ ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 420 ಕ್ಯಾಲೊರಿ ಇರುತ್ತದೆ. ಹಸಿವು ಸಾಯುತ್ತದೆ, ಪ್ರೊಟೀನ್ ಮಾತ್ರ ಸೊನ್ನೆ. ಮದ್ಯ ಕರುಳಿನಲ್ಲಿ ಥಯಾಮಿನ್ (ವಿಟಮಿನ್ ಬಿ1) ಹೀರಿಕೆಯನ್ನೂ ತಡೆಯುತ್ತದೆ. ದೇಹ ಗ್ಲೂಕೋಸನ್ನು ಶಕ್ತಿಯಾಗಿಸಲು ಬೇಕಾದದ್ದೇ ಬಿ1. ಗ್ಲೂಕೋಸ್ ಏರಿಸಿದಾಗ ಇದ್ದಷ್ಟು ಬಿ1 ಕೂಡ ಖರ್ಚಾದರೆ ಮಿದುಳಿಗೆ ಪೆಟ್ಟು: ತೂರಾಟ, ಕಣ್ಣಾಲಿ ಅದುರುವುದು, ಗೊಂದಲ. ಮನೆಯವರು ಇದನ್ನು 'ನಶೆ ಇಳಿದಿಲ್ಲ' ಅಂದುಕೊಳ್ಳುತ್ತಾರೆ! ಹಾಗಾಗಿ ಥಯಾಮಿನ್ ಇಂಜೆಕ್ಷನ್ ಮೊದಲು, ಇಲ್ಲವೇ ಬಾಟಲಿಯ ಜೊತೆಗೇ.

ವಾರಗಟ್ಟಲೆ ಉಂಡಿರದವರಿಗೆ ಒಮ್ಮೆಲೇ ತಟ್ಟೆ ತುಂಬ ಬಡಿಸಬೇಡಿ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಅಂಥವರನ್ನು ಆಸ್ಪತ್ರೆಯಲ್ಲೇ ಇಟ್ಟು ಊಟವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಚೇತರಿಸಿಕೊಂಡ ಮೇಲೆ ನಮ್ಮ ರಾಯಚೂರು ಕಡೆಯ ಊಟವೇ ಒಳ್ಳೆಯದು: ಬಿಳಿ ಅನ್ನಕ್ಕಿಂತ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ರಾತ್ರಿ ಮಲಗುವ ಮುಂಚೆಯೂ ಒಂದಿಷ್ಟು ತಿನ್ನಲಿ. ಲಿವರ್ ಸೊರಗಿದವರು ಉಪವಾಸ ಮಲಗಿದರೆ ಸ್ನಾಯು ಕರಗುತ್ತದೆ.