ಟಿವಿಯ ಜಾಣತನ ಬಿಡಿಸುವ ಬಗೆ

ಹಳೆಯ ಡೆಸ್ಕ್‌ಟಾಪಿನ ಮಾನಿಟರ್ ಕಣ್ಣು ಮುಚ್ಚಿತೆಂದರೆ ಎಲ್ಲರ ಕಣ್ಣು ಗೋಡೆಯ ಟಿವಿಯ ಮೇಲೆ ಬೀಳುತ್ತದೆ. ಅಷ್ಟಗಲದ ಪರದೆ ಸುಮ್ಮನೆ ನೇತಾಡುತ್ತಿರುವಾಗ ಇನ್ನೊಂದಕ್ಕೆ ದುಡ್ಡು ಸುರಿಯುವುದೇಕೆ ಎಂಬ ಲೆಕ್ಕಾಚಾರ ತಪ್ಪೇನಲ್ಲ, ಆಗದ ಕೆಲಸವೂ ಅಲ್ಲ. ಆದರೆ ಟಿವಿಯ ಪಾಲಿಗೆ ಒಳಗೆ ಬಂದದ್ದೆಲ್ಲ ಸಿನಿಮಾ. ಅದನ್ನು ಚೂರು ಹಿಗ್ಗಿಸಿ, ಬಣ್ಣ ಏರಿಸಿ, ಅಂಚು ತೀಡಿ ತೋರಿಸದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಕಂಪ್ಯೂಟರಿಗೆ ಬೇಕಾದದ್ದೋ, ಕೊಟ್ಟದ್ದನ್ನು ಕೊಟ್ಟ ಹಾಗೇ ತೋರಿಸುವ ಪೆದ್ದು ಪರದೆ. ಎತ್ತು ಏರಿಗೆ, ಕೋಣ ನೀರಿಗೆ. ಟಿವಿಯ ಜಾಣತನವನ್ನು ಒಂದೊಂದಾಗಿ ಕಳಚಿ ಅದನ್ನು ಪೆದ್ದಾಗಿಸುವುದೇ ಇಲ್ಲಿನ ಇಡೀ ಕಸರತ್ತು.

ಮೊದಲು ಸಿಪಿಯು ಡಬ್ಬದ ಬೆನ್ನು ನೋಡಿ. ಮೂರು ಸಾಲಿನಲ್ಲಿ 15 ತೂತುಗಳಿರುವ ನೀಲಿ ಪೋರ್ಟ್ ವಿಜಿಎ. 1987ರಲ್ಲಿ ಐಬಿಎಂನ ಪಿಎಸ್/2 ಯಂತ್ರಗಳ ಜೊತೆ ಬಂದದ್ದು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಬಿಳಿಯದು ಡಿವಿಐ. ಅದಿದ್ದವರು ಪುಣ್ಯವಂತರು: ಡಿವಿಐ ಹೊರಡಿಸುವ ಡಿಜಿಟಲ್ ಸಿಗ್ನಲ್ಲೇ ಟಿವಿಯ ಎಚ್‌ಡಿಎಂಐ ಪೋರ್ಟಿಗೂ ಅರ್ಥವಾಗುವುದರಿಂದ ಸಾದಾ ಕೇಬಲ್ ಸಾಕು. ಸಾಮಾನ್ಯವಾಗಿ ಧ್ವನಿ ಮಾತ್ರ ಬರುವುದಿಲ್ಲ.

ವಿಜಿಎ ಒಂದೇ ಇದ್ದವರು ಟಿವಿಯ ಹಿಂದೆಯೂ ‘ಪಿಸಿ ಇನ್’ ಎಂಬ ಅದೇ ನೀಲಿ ಪೋರ್ಟ್ ಇದೆಯೇ ಎಂದು ಹುಡುಕಬೇಕು. ಕೆಲವು ವರ್ಷ ಹಳೆಯ ಎಲ್‌ಸಿಡಿ ಟಿವಿಗಳಲ್ಲಿ ಇರುತ್ತದೆ. ಇಲ್ಲವೆಂದಾದರೆ ಪ್ರಹಸನ ಇಲ್ಲಿಂದ ಶುರು. ಒಂದು ತುದಿಗೆ ವಿಜಿಎ, ಇನ್ನೊಂದಕ್ಕೆ ಎಚ್‌ಡಿಎಂಐ, ನಡುವೆ ಬರೀ ತಂತಿ ಇರುವ ಕೇಬಲ್ ಸಿಗುತ್ತದೆ. ಎರಡೂ ಕಡೆ ಚೆನ್ನಾಗಿ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಾಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್; ನಡುವೆ ಒಂದು ಚಿಪ್ ಕೂತು ಇದನ್ನು ಅದಾಗಿಸಬೇಕು. ಆ ಚಿಪ್ಪಿಗೆ ಕರೆಂಟ್ ಬೇಕು, ಹಾಗಾಗಿ ಒಳ್ಳೆಯ ಕನ್ವರ್ಟರಿಗೆ ಯುಎಸ್‌ಬಿ ಬಾಲ ಇರುತ್ತದೆ. ಧ್ವನಿಗಾಗಿ 3.5 ಮಿ.ಮೀ. ಜ್ಯಾಕ್ ಕೂಡ. ಚಿಪ್ ಇದ್ದರಷ್ಟೇ ಸಾಲದು, ದಿಕ್ಕೂ ಸರಿಯಿರಬೇಕು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ನೋಡಲು ಇದರದೇ ಅವಳಿ, ಮಾಡುವುದು ಉಲ್ಟಾ ಕೆಲಸ. ಸಾಮಾನ್ಯವಾಗಿ ವಿಜಿಎ ತುದಿಯಲ್ಲಿ ಪಿನ್ನುಗಳು ಹೊರಚಾಚಿದ್ದು, ಎಚ್‌ಡಿಎಂಐ ತುದಿಯಲ್ಲಿ ತೂತಿದ್ದರೆ ಅದು ನಮಗೆ ಬೇಕಾದ ಕನ್ವರ್ಟರ್.

ಪಿನ್ನುಗಳ ನಡುಸಾಲಿನಲ್ಲಿ ಒಂದು ಕಾಣೆಯಾಗಿದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಒಂಬತ್ತನೆಯ ಪಿನ್ ಅನೇಕ ಕೇಬಲ್‌ಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಹಾಗೆಯೇ ಗ್ರಾಫಿಕ್ಸ್ ಕಾರ್ಡ್ ಇರುವ ಸಿಪಿಯುನಲ್ಲಿ ಎರಡು ನೀಲಿ ಪೋರ್ಟುಗಳಿರಬಹುದು. ಯುಎಸ್‌ಬಿ ಪಕ್ಕದ್ದು ಮದರ್‌ಬೋರ್ಡಿನದು. ಕಾರ್ಡ್ ಕೂತ ಮೇಲೆ ಅದು ಬಹುಮಟ್ಟಿಗೆ ಸತ್ತಂತೆ. ಕೆಳಗಿನ ಕಾರ್ಡಿನದಕ್ಕೇ ಚುಚ್ಚಬೇಕು. ಮೊದಲು ಟಿವಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿ. ತನಗೆ ಯಾವ ಅಳತೆಯ ಚಿತ್ರ ಆಗುತ್ತದೆಂದು ಟಿವಿ ಕೇಬಲ್ ಮೂಲಕವೇ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಹೊತ್ತಿಗೆ ಟಿವಿ ಮಲಗಿದ್ದರೆ ಕಂಪ್ಯೂಟರ್ ತನಗೆ ತೋಚಿದ ಅಳತೆ ಹಿಡಿಯುತ್ತದೆ.

ಈಗ ಅಸಲಿ ಆಟ. ಕಂಪ್ಯೂಟರ್ ಏಳುವಾಗಿನ ಬಯಾಸ್ ಬರಹ ಕಂಡಿತು, ವಿಂಡೋಸ್ ಲಾಂಛನವೂ ಕಂಡಿತು, ಎಲ್ಲರೂ ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಪರದೆ ಕಪ್ಪಾಗಿ ‘ಮೋಡ್ ನಾಟ್ ಸಪೋರ್ಟೆಡ್’. ಯಾವುದೂ ಸುಟ್ಟಿಲ್ಲ. ಶುರುವಿನ ಚಿತ್ರಗಳು ಕಡಿಮೆ ರೆಸಲ್ಯೂಷನ್ನಿನವು, ಅಂದರೆ ಕಡಿಮೆ ಪಿಕ್ಸೆಲ್ (ಚುಕ್ಕಿ) ಇರುವವು, ಟಿವಿ ಒಪ್ಪಿಕೊಂಡಿತು. ಆಮೇಲೆ ವಿಂಡೋಸ್ ತೀರಿಹೋದ ಮಾನಿಟರಿನ ಸೆಟ್ಟಿಂಗನ್ನೇ ಹಿಡಿದು ಕೂತಿತು. ದಪ್ಪ ಹೊಟ್ಟೆಯ ಸಿಆರ್‌ಟಿ ಮಾನಿಟರ್ ಇದ್ದವರು ಕಣ್ಣಿಗೆ ಹಿತವೆಂದು ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಎಂಬ ಲೆಕ್ಕವನ್ನು) 75 ಅಥವಾ 85 ಹರ್ಟ್ಸ್ ಮಾಡಿಟ್ಟಿರುತ್ತಾರೆ. ಟಿವಿಯ ವಿಜಿಎಗೆ ಸಾಮಾನ್ಯವಾಗಿ 60 ಬಿಟ್ಟರೆ ಬೇರೆ ರುಚಿಸದು. ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ಲಾಂಛನ ಬರುವ ಮೊದಲೇ ಎಫ್8 ಒತ್ತುತ್ತಿರಿ. ಎಕ್ಸ್‌ಪಿಯಲ್ಲಿ ‘ಎನೇಬಲ್ ವಿಜಿಎ ಮೋಡ್’, ವಿಂಡೋಸ್ 7ರಲ್ಲಿ ‘ಎನೇಬಲ್ ಲೋ-ರೆಸಲ್ಯೂಷನ್ ವಿಡಿಯೋ’ ಆರಿಸಿದರೆ 640×480ರಲ್ಲಿ ಒಳಗೆ ಬಿಡುತ್ತದೆ. ಐಕಾನುಗಳು ತಟ್ಟೆಯಗಲ ಕಂಡರೂ ಬೆದರದೆ ಮೊದಲು 60 ಹರ್ಟ್ಸ್ ಮಾಡಿ, ಆಮೇಲೆ ಅಳತೆ ಏರಿಸಿ.

ಅಳತೆಯಲ್ಲೂ ಒಂದು ತಮಾಷೆಯಿದೆ. ಟಿವಿ 1366×768 ಎನ್ನುತ್ತದೆ, ಕಂಪ್ಯೂಟರಿನಲ್ಲಿ ಚಿತ್ರ ನೋಡಿಕೊಳ್ಳುವ ತಂತ್ರಾಂಶ, ಅಂದರೆ ಹಳೆಯ ಡ್ರೈವರ್, 1360×768 ಮಾತ್ರ ಕೊಡುತ್ತದೆ. ಆ ಕಾಲದ ಡ್ರೈವರುಗಳು ಅಗಲವನ್ನು 8ರ ಮಡಿಯಲ್ಲೇ ಲೆಕ್ಕ ಹಾಕುತ್ತಿದ್ದವು. 1366 ಎಂಟರಿಂದ ಭಾಗವಾಗುವುದಿಲ್ಲ. ಉಳಿದ 6 ಪಿಕ್ಸೆಲ್‌ಗಾಗಿ ರಾತ್ರಿಯೆಲ್ಲ ಡ್ರೈವರ್ ಹುಡುಕುವವರಿದ್ದಾರೆ. ಬೇಡ, ಬಿಟ್ಟುಬಿಡಿ. ಆದರೆ ಹಳೆಯ 1024×768ರಲ್ಲೇ ಉಳಿಯಬೇಡಿ: ಟಿವಿ ಅದನ್ನು ಎಳೆದು ತುಂಬಿಸಿದರೆ ಮದುವೆ ಫೋಟೋದಲ್ಲಿ ಎಲ್ಲರೂ ಒಂದೇ ಸಲಕ್ಕೆ ಮೈ ಕೈ ತುಂಬಿಕೊಳ್ಳುತ್ತಾರೆ.

ಎಚ್‌ಡಿಎಂಐನಲ್ಲಿ ಬಂದವರಿಗೆ ಕಾದಿರುವುದು ಓವರ್‌ಸ್ಕ್ಯಾನ್. ಸ್ಟಾರ್ಟ್ ಬಟನ್ ಇರುವುದಿಲ್ಲ, ಗಡಿಯಾರ ಅರ್ಧ ಇರುತ್ತದೆ, ಕ್ಲೋಸ್ ಗುರುತು ಪರದೆಯಾಚೆ ಎಲ್ಲೋ. ಸಿಆರ್‌ಟಿ ಕಾಲದಲ್ಲಿ ಚಿತ್ರದ ಅಂಚು ಅಂಕುಡೊಂಕಾಗಿರುತ್ತಿದ್ದರಿಂದ ಅದನ್ನು ಮುಚ್ಚಲು ಚಿತ್ರವನ್ನು ತುಸು ಹಿಗ್ಗಿಸುತ್ತಿದ್ದರು. ಅಂಚು ನೆಟ್ಟಗಾಗಿ ಎಷ್ಟೋ ವರ್ಷವಾಯಿತು, ಚಾಳಿ ಹೋಗಿಲ್ಲ. ಅದನ್ನು ಬಿಡಿಸುವ ಮೆನು ಸೆಟ್ಟಿಂಗ್ ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’. ಒಂದೇ ಕೆಲಸಕ್ಕೆ ಇಷ್ಟು ಹೆಸರು! ಗ್ರಾಫಿಕ್ಸ್ ಡ್ರೈವರಿನಲ್ಲಿ ಚಿತ್ರ ಕುಗ್ಗಿಸಿ ಸರಿದೂಗಿಸುವವರೂ ಉಂಟು. ಒಬ್ಬ ಕುಗ್ಗಿಸಿ ಇನ್ನೊಬ್ಬ ಹಿಗ್ಗಿಸಿದರೆ ಅಕ್ಷರ ಮಸುಕಾಗದೆ ಇನ್ನೇನಾದೀತು?

ಆಮೇಲೂ ಅಕ್ಷರದ ಸುತ್ತ ಬಿಳಿ ನೆರಳು ಕಂಡರೆ ಅದು ಶಾರ್ಪ್‌ನೆಸ್ಸಿನ ಕೃಪೆ. ಇಳಿಸುತ್ತ ಹೋಗಿ, ನೆರಳು ಮಾಯವಾದಲ್ಲಿ ನಿಲ್ಲಿಸಿ. ಕಪ್ಪು ಹಿನ್ನೆಲೆಯ ಕೆಂಪು ಅಕ್ಷರ ಕಲಸಿಹೋಗಿದ್ದರೆ ಟಿವಿ ಬಣ್ಣದ ವಿವರವನ್ನು ಉಳಿತಾಯ ಮಾಡುತ್ತಿದೆ ಎಂದರ್ಥ. ಅನೇಕ ಟಿವಿಗಳಲ್ಲಿ ಆ ಇನ್‌ಪುಟ್ಟಿನ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಸಾಕು, ಅದು ಸರಿಹೋಗುತ್ತದೆ. ಮೌಸ್ ಸರಿಸಿದ ಮೇಲೆ ಬಾಣ ಯೋಚನೆ ಮಾಡಿ ಹೊರಡುತ್ತಿದ್ದರೆ ‘ಗೇಮ್ ಮೋಡ್’ ಹಾಕಿ.

ಪರದೆ ದೊಡ್ಡದಾದ ಮಾತ್ರಕ್ಕೆ ಜಾಗ ಹೆಚ್ಚಲಿಲ್ಲ ಎಂಬುದು ಹಲವರಿಗೆ ತಡವಾಗಿ ಹೊಳೆಯುತ್ತದೆ. 19 ಇಂಚಿನ 1280×1024 ಮಾನಿಟರಿನಲ್ಲಿ ಇಂಚಿಗೆ ಸುಮಾರು 86 ಪಿಕ್ಸೆಲ್. 32 ಇಂಚಿನ 1366×768 ಟಿವಿಯಲ್ಲಿ ಸುಮಾರು 49. ಹತ್ತಿರ ಕೂತರೆ ಅಕ್ಷರದ ಚುಕ್ಕಿ ಎಣಿಸಬಹುದು. ದೂರ ಕೂತರೆ ಕೀಬೋರ್ಡಿನ ವೈರ್ ಸಾಲದು. ನಿಮ್ಮ ಪತ್ರವನ್ನು ಅಡುಗೆಮನೆಯಿಂದಲೇ ಓದಿ ಕಾಗುಣಿತ ತಿದ್ದುವವರು ಬೇರೆ.

ಧ್ವನಿಗೆ ಹಸಿರು ಜ್ಯಾಕಿನಿಂದ ಕನ್ವರ್ಟರಿಗೋ ಟಿವಿಯ ‘ಪಿಸಿ ಆಡಿಯೋ’ಗೋ ಒಂದು ವೈರ್ ಎಳೆಯಿರಿ. ಗುಂಯ್ ಎಂಬ ಸದ್ದು ಬಂದರೆ ಟಿವಿಗೆ ಚಾನೆಲ್ ತರುವ ಕೇಬಲ್ ವೈರ್ ಕಿತ್ತು ನೋಡಿ. ನಿಂತರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತುತ್ತಿತ್ತು ಎಂದರ್ಥ.

ಕೊನೆಯ ಜಾಣತನ ಬಯಲಾಗುವುದು ಎಲ್ಲ ಸರಿಹೋಯಿತು ಎಂದುಕೊಂಡು ಒಂದಿಷ್ಟು ಹೊತ್ತಾದ ಮೇಲೆ. ಗಂಟೆಗಟ್ಟಲೆ ರಿಮೋಟ್ ಮುಟ್ಟದಿದ್ದರೆ ಅನೇಕ ಟಿವಿಗಳು ನೋಡುವವರು ನಿದ್ದೆಹೋಗಿದ್ದಾರೆಂದು ತೀರ್ಮಾನಿಸಿ ತಾವಾಗಿಯೇ ಆರಿಹೋಗುತ್ತವೆ. ಎಷ್ಟು ಜೋರಾಗಿ ಟೈಪ್ ಮಾಡಿದರೂ, ಮೌಸ್ ಎಷ್ಟು ಅಲ್ಲಾಡಿಸಿದರೂ ಅದಕ್ಕೆ ಸಾಕ್ಷಿಯಾಗದು, ರಿಮೋಟೇ ಆಗಬೇಕು. ಟೈಮರ್ ಅಥವಾ ಎನರ್ಜಿ ಸೇವಿಂಗ್ ಮೆನುವಿನಲ್ಲಿ ‘ಆಟೋ ಪವರ್ ಆಫ್’ ಹುಡುಕಿ ಅದನ್ನು ಆಫ್ ಮಾಡಿ, ಫೈಲನ್ನು ಮಾತ್ರ ಅದಕ್ಕೂ ಮೊದಲೇ ಸೇವ್ ಮಾಡಿರಿ.